22 ದಿನಕ್ಕೆ ಮುಗಿದ ಮಾತ್ರೆ: ದೊಡ್ಡವ್ವನ ಮರೆವಿನ ಪ್ರಕರಣ

ಕೊಡಗಿನ ನಾಪೋಕ್ಲು ಕಡೆ ನನ್ನದೊಂದು ಮೆಡಿಕಲ್ ಶಾಪ್ ಇದೆ. 21 ವರ್ಷದಿಂದ ಅದೇ ಕೌಂಟರ್, ಹೆಚ್ಚುಕಡಿಮೆ ಅದೇ ಗಿರಾಕಿಗಳು. ಯಾರಿಗೆ ಬಿಪಿ, ಯಾರಿಗೆ ಶುಗರ್ ಅಂತ ಚೀಟಿ ನೋಡದೇ ಹೇಳಬಲ್ಲೆ. ಇಷ್ಟಾದರೂ ನಮ್ಮದೇ ಮನೆಯ ಒಂದು ಪ್ರಕರಣ ತಿಂಗಳುಗಟ್ಟಲೆ ಕಣ್ಣೆದುರು ಇದ್ದರೂ ನನಗೆ ಕಾಣಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ. ದೊಡ್ಡವ್ವನ ಮಗಳ ಒಪ್ಪಿಗೆ ಇದೆ. ಊರಿನ ಹೆಸರು, ಮನೆ ಹೆಸರು ಮಾತ್ರ ಬೇಡ ಅಂದಿದ್ದಾಳೆ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಹುಟ್ಟಿದ್ದು 1946ರಲ್ಲಿ. ಅರೆಭಾಷೆ ಮನೆಮಾತು. ಓದಿದ್ದು ನಾಲ್ಕನೇ ಕ್ಲಾಸು. ದೊಡ್ಡಪ್ಪ 1998ರಲ್ಲಿ, ಇನ್ನೂ 58 ವರ್ಷಕ್ಕೇ, ಹಾರ್ಟ್ ಅಟ್ಯಾಕ್ ಆಗಿ ಹೋದರು. ಅಲ್ಲಿಂದ ಈಚೆಗೆ ಏಳು ಎಕರೆ ಕಾಫಿ ತೋಟ ನೋಡಿಕೊಂಡದ್ದು ದೊಡ್ಡವ್ವನೇ. ಕೊಯ್ಲಿನ ಲೆಕ್ಕ, ಕೂಲಿ ಬಟವಾಡೆ, ಮೆಣಸಿನ ವ್ಯಾಪಾರಿ ಜೊತೆ ಚೌಕಾಸಿ, ಎಲ್ಲಾ ಒಬ್ಬರೇ. ಮಗಳು ಒಬ್ಬಳೇ, ನಾನು ಅಕ್ಕ ಅನ್ನುವುದು ಅವಳಿಗೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ.

ಮೊದಲ ಸುಳಿವು ಸಿಕ್ಕಿದ್ದು 2023ರ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಕಳೆದ ಮೇಲೆ, ಅದೂ ನನ್ನ ಅಂಗಡಿಯಲ್ಲೇ. ದೊಡ್ಡವ್ವನ ತಿಂಗಳ ಮಾತ್ರೆಗಳನ್ನು ನಾನೇ ಕಟ್ಟಿ ಕಳಿಸುತ್ತಿದ್ದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಆಮ್ಲೋಡಿಪಿನ್. ತೋಟದ ಕೆಲಸದವರ ಲೈನ್ ಮನೆಯ ಹುಡುಗ ಸಂತೆ ದಿನ ಬಂದು ಒಯ್ಯುತ್ತಿದ್ದ. 30 ದಿನದ ಮಾತ್ರೆ 22 ದಿನಕ್ಕೆ ಮುಗಿಯಿತು. ಮುಂದಿನ ತಿಂಗಳು 24 ದಿನ. ಆಮೇಲಿನ ಸಲ 41 ದಿನ ಕಳೆದರೂ ಹುಡುಗ ಬರಲಿಲ್ಲ. "ಇನ್ನೂ ಉಂಟಂತೆ" ಅಂದ.

ಮನೆಗೆ ಬಂದ ನೆಂಟರು ಯಾರೋ ಕೇಳಿ ಪಡೆದಿರಬೇಕು ಅಂದುಕೊಂಡೆ. ಹಳ್ಳಿಯಲ್ಲಿ ಒಬ್ಬರ ಶುಗರ್ ಮಾತ್ರೆ ಇನ್ನೊಬ್ಬರು ನುಂಗುವುದು ಹೊಸದೇನಲ್ಲ. ನಿಜ ಏನೆಂದರೆ, ಬೆಳಗ್ಗೆ ತಗೊಂಡದ್ದು ಮರೆತು ದೊಡ್ಡವ್ವ ಮತ್ತೆ ತಗೊಳ್ಳುತ್ತಿದ್ದರು. ಕೆಲವು ವಾರ ಡಬ್ಬಿಯನ್ನೇ ಮರೆಯುತ್ತಿದ್ದರು. ಗ್ಲಿಮೆಪಿರೈಡ್ ಎರಡೆರಡು ಬಿದ್ದ ದಿನ ಶುಗರ್ ಇಳಿಯುತ್ತದೆ, ಬೆವರುತ್ತದೆ, ತಲೆ ಮಂಕಾಗುತ್ತದೆ. ಮಂಕಾದ ತಲೆ ಮಧ್ಯಾಹ್ನ ಮತ್ತೊಂದು ಮಾತ್ರೆ ನುಂಗುತ್ತದೆ. ಎಣಿಸಿ ಕೊಡುವವನು ನಾನು, ನನಗೇ ಇದು ಹೊಳೆಯಲಿಲ್ಲ.

ಎರಡನೇ ಸುಳಿವು ಜನವರಿಯ ರೋಬಸ್ಟಾ ಕೊಯ್ಲಿನಲ್ಲಿ. ಕೊಯ್ದದ್ದನ್ನು ಸಂಜೆ ಕಣದಲ್ಲಿ ತೂಗಿ, ಕಿಲೋ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯಬೇಕು. ಶನಿವಾರದ ಬಟವಾಡೆಯಲ್ಲಿ ಒಬ್ಬಳಿಗೆ ಎರಡು ಸಲ ಕೂಲಿ ಕೊಟ್ಟರು. ಅವಳೇ ವಾಪಸ್ ತಂದು ಕೊಟ್ಟಳು. ದೊಡ್ಡವ್ವ ಸಿಟ್ಟಾಗಿ, ನಾನು ಕೊಟ್ಟೇ ಇಲ್ಲ, ನನ್ನ ಪರೀಕ್ಷೆ ಮಾಡ್ತೀಯಾ ಅಂತ ಬೈದರಂತೆ. ಆ ಪುಸ್ತಕ ಆಮೇಲೆ ನೋಡಿದೆ. ಡಿಸೆಂಬರ್ ಪುಟಗಳಲ್ಲಿ ಅಂಕಿಗಳು ಸಾಲಾಗಿ ನಿಂತಿವೆ. ಫೆಬ್ರವರಿ ಹೊತ್ತಿಗೆ ಒಂದೇ ಹೆಸರು ನಾಲ್ಕು ಕಡೆ ಇದೆ, ಮುಂದೆ ತೂಕ ಇಲ್ಲ.

ಮನೆಯಲ್ಲಿ ಯಾರೂ ಗಾಬರಿ ಆಗಲಿಲ್ಲ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ಇದೆಯಲ್ಲ, ಇವರಿಗೆ ಅರವತ್ತಲ್ಲ, ಎಪ್ಪತ್ತೆಂಟು. ಮೇಲಾಗಿ ನಮ್ಮ ಅಜ್ಜಿಗೂ ಕೊನೆಗೆ ಹೀಗೇ ಆಗಿತ್ತು. ಮಕ್ಕಳನ್ನೇ ಗುರುತಿಸದೆ "ನೀವು ಯಾವ ಮನೆಯವ್ರು?" ಅಂತ ಕೇಳುತ್ತಿದ್ದರು. ಹಾಗಾಗಿ ಅವ್ವನೂ ಸೇರಿ ಎಲ್ಲರದ್ದೂ ಒಂದೇ ತೀರ್ಮಾನ: ರಕ್ತದಲ್ಲಿ ಬಂದದ್ದು, ಏನು ಮಾಡೋಕಾಗ್ತದೆ? ಈ ಮಾತು ಒಮ್ಮೆ ಬಾಯಿಗೆ ಬಂದ ಮೇಲೆ ಯಾರೂ ಬೇರೆ ಏನನ್ನೂ ಹುಡುಕಲಿಲ್ಲ.

ಆ ಜುಲೈ

2024ರ ಜುಲೈ ಕೊನೆ. ಆರು ದಿನದಿಂದ ಕರೆಂಟ್ ಇರಲಿಲ್ಲ, ಮೊಬೈಲ್ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಬೆಳಗಿನ ಜಾವ ಐದೂವರೆಗೆ ಕೆಲಸದ ಹೆಂಗಸು ಎದ್ದು ನೋಡಿದರೆ ಹಾಸಿಗೆ ಖಾಲಿ, ಹಿಂಬಾಗಿಲು ಹಾರು ಹೊಡೆದಿದೆ. ಸಿಕ್ಕಿದ್ದು ಏಳು ಗಂಟೆಗೆ, ಕೆರೆಯ ಕೆಳಗಿನ ತೋಟದಲ್ಲಿ. ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು ಸಿಲ್ವರ್ ಓಕ್ ಬುಡದಲ್ಲಿ ಕೂತಿದ್ದರು. ಕಾಲಲ್ಲಿ ಏಳು ಜಿಗಣೆ. ಕಣದಲ್ಲಿ ದೊಡ್ಡಪ್ಪ ಕಾಯುತ್ತಿದ್ದಾರೆ, ಚೀಲ ಕೊಡಬೇಕು ಅನ್ನುತ್ತಿದ್ದರು. ಅಲ್ಲಿಂದ ಐವತ್ತು ಅಡಿ ದೂರದಲ್ಲಿ ಆನೆ ಲದ್ದಿ ಬಿದ್ದಿತ್ತು. ಇನ್ನೂ ಹಬೆ ಆಡುತ್ತಿತ್ತು.

ಪೇಟೆಯಲ್ಲಿ ಮರೆವಿನವರು ದಾರಿ ತಪ್ಪಿದರೆ ಆಟೋದವರೋ ಪೊಲೀಸರೋ ಕರೆತರುತ್ತಾರೆ. ಇಲ್ಲಿ ದಾರಿ ತಪ್ಪಿದರೆ ಎದುರಾಗುವುದು ಆನೆ.

ಮಡಿಕೇರಿಯಲ್ಲಿ ಅಡ್ಮಿಟ್ ಮಾಡಿದೆವು. ಮೂತ್ರದಲ್ಲಿ ಸೋಂಕು ಇತ್ತು. ಅಲ್ಲಿನ ಡಾಕ್ಟರ್ ಒಂದು ಮುಖ್ಯ ವಿಷಯ ಹೇಳಿದರು. ತಿಂಗಳುಗಟ್ಟಲೆ ನಿಧಾನಕ್ಕೆ ಬರುವ ಮರೆವು ಬೇರೆ, ಎರಡು ದಿನದಲ್ಲಿ ದಿಢೀರ್ ಏರುವ ಗೊಂದಲ ಬೇರೆ. ಎರಡನೆಯದಕ್ಕೆ ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಶುಗರ್ ಇಳಿಯುವುದು, ಕೆಲವು ಮಾತ್ರೆ, ಯಾವುದರಿಂದಲೂ ಅದು ಬರಬಹುದು. ಕಾರಣ ಸರಿಮಾಡಿದರೆ ಹೋಗುತ್ತದೆ. ಮೊದಲೇ ಮರೆವು ಇರುವ ಮಿದುಳಿನ ಮೇಲೆ ಅದು ಬೇಗ ಏರಿ ಕೂರುತ್ತದೆ. ಸೋಂಕಿಗೆ ಇಂಜೆಕ್ಷನ್ ಆದ ಐದನೇ ದಿನಕ್ಕೆ ದೊಡ್ಡವ್ವ, ಯಾರ ಮನೆ ಮದುವೆಗೆ ಬಂದದ್ದು ನಾವು ಅಂತ ಕೇಳುವುದನ್ನು ನಿಲ್ಲಿಸಿದರು. ಇಷ್ಟು ಜನ, ಇಷ್ಟು ಮಂಚ, ಅವರಿಗೆ ಅದು ಮದುವೆ ಮನೆಯೇ.

ಅಕ್ಕ ಬೆಂಗಳೂರಿನಿಂದ ಬಂದಳು. ಬಂದವಳೇ ನೇರವಾಗಿ ಕೇಳಿದ್ದು: "ಇದು ಜೀನ್ ಅಲ್ವಾ? ನಂಗೂ ಬರ್ತದಲ್ವಾ?"

ರಾಜ್ಯ ಯಾವುದು?

ಆಗಸ್ಟ್‌ನಲ್ಲಿ ಮೈಸೂರಿನ ಒಬ್ಬ ನರರೋಗ ತಜ್ಞರ ಹತ್ತಿರ ಹೋದೆವು. ಅಲ್ಲಿ 30 ಅಂಕದ ನೆನಪಿನ ಪರೀಕ್ಷೆ ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ.

ಇವತ್ತು ಯಾವ ವಾರ? ಉತ್ತರ ಇಲ್ಲ. ಯಾವ ತಿಂಗಳು? "ಮಳೆ" ಅಂದರು. ನಾವಿರುವ ರಾಜ್ಯ ಯಾವುದು? "ಕೊಡಗು."

ಪರೀಕ್ಷೆ ಮಾಡುತ್ತಿದ್ದ ಹುಡುಗಿ ತಪ್ಪು ಗುರುತು ಹಾಕಿದಳು. ನನಗೆ ತಡೆಯಲಾಗಲಿಲ್ಲ. ಮೇಡಂ, ಇವರು ಸ್ಕೂಲಿಗೆ ಹೋಗುವಾಗ ಕೊಡಗು ರಾಜ್ಯವೇ ಆಗಿತ್ತು ಅಂದೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಡಗಿಗೆ ಅದರದೇ ಮುಖ್ಯಮಂತ್ರಿ ಇದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರ ತಲೆಯಲ್ಲಿ ಆ ಪಾಠವೇ ಉಳಿದಿದೆ. ಅವಳು ನಕ್ಕಳು, ಆದರೆ ಅಂಕ ಕೊಡಲಿಲ್ಲ. ಕೊಡಬಾರದು, ಅದೂ ಸರಿಯೇ. ಈಗಿನದನ್ನು ಹಿಡಿದುಕೊಳ್ಳುವುದೇ ಅಲ್ಲಿನ ಪ್ರಶ್ನೆ.

ಆಮೇಲೆ ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದಳು. ಇಲ್ಲಿ ನಾನು ಗಮನಿಸಿದ್ದು ಬೇರೆ. ದೊಡ್ಡವ್ವ ಅವಳ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಅವಳು ಕಾಗದದ ಕಡೆ ತಿರುಗಿದರೆ ಇವರು "ಹ್ಞಾಂ" ಅಂದು ಸುಮ್ಮನಾಗುತ್ತಿದ್ದರು. ಮೂರು ಪದಗಳಲ್ಲಿ ಎರಡು ಕಿವಿಗೇ ಬಿದ್ದಿರಲಿಲ್ಲ. ಬೀಳದ್ದನ್ನು ನೆನಪಿಡುವುದು ಹೇಗೆ? ಒಟ್ಟು ಅಂಕ 17.

ಡಾಕ್ಟರ್ ಒಳಗಿನಿಂದ ಹಾಡಿನ ಹೆಡ್‌ಫೋನ್ ಥರದ್ದೊಂದನ್ನು ತಂದರು, ಸಣ್ಣ ಮೈಕ್ ಇರುವಂಥದ್ದು. ಅದನ್ನು ಇವರ ಕಿವಿಗೆ ಹಾಕಿ, ಬೇರೆ ಪದಗಳನ್ನಿಟ್ಟು ಮತ್ತೆ ಕೇಳಿದರು. ಈ ಸಲ 20. ಅರ್ಧ ಗಂಟೆಯಲ್ಲಿ ಮೂರು ಅಂಕ ಜಾಸ್ತಿ. ಮರೆವು ಇಲ್ಲ ಅಂತಲ್ಲ, ಇದೆ. 20 ಅಂದರೂ ಕಡಿಮೆಯೇ. ಆದರೆ ಮೂರು ಅಂಕದ ಮರೆವು ಮಿದುಳಿನದ್ದಲ್ಲ, ಕಿವಿಯದ್ದು.

ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್ ಕುಗ್ಗಿತ್ತು. ಹೊಸ ನೆನಪು ಕೂಡಿಡುವ ಜಾಗ ಅದು. ಸಣ್ಣ ರಕ್ತನಾಳಗಳು ಹಾಳಾದ ಬಿಳಿ ಚುಕ್ಕೆಗಳೂ ಅಲ್ಲಲ್ಲಿ ಇದ್ದವು. ಡಾಕ್ಟರ್ ಹೇಳಿದ ಹೆಸರು ಮಿಶ್ರ ಡಿಮೆನ್ಷಿಯಾ, ಅಂದರೆ ಎರಡು ಬಗೆ ಸೇರಿದ ಮರೆವಿನ ಕಾಯಿಲೆ: ಅಲ್ಝೈಮರ್ ಒಂದಿಷ್ಟು, ಬಿಪಿ-ಶುಗರ್‌ನಿಂದ ರಕ್ತನಾಳ ಕೆಟ್ಟದ್ದು ಒಂದಿಷ್ಟು. ವಯಸ್ಸಾದವರಲ್ಲಿ ಹೀಗೆ ಎರಡೂ ಒಟ್ಟಿಗೆ ಇರುವುದು ಸಾಮಾನ್ಯವಂತೆ. ಬಿಪಿ 168/94 ಇತ್ತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6 ಪರ್ಸೆಂಟ್. ಬಿ12 ವಿಟಮಿನ್ 138, ಲ್ಯಾಬಿನ ಕೆಳಗಿನ ಗಡಿ 200ರ ಆಸುಪಾಸು.

ಬಿ12 ಅಂದಾಗ ಅಕ್ಕನಿಗೆ ಆಶ್ಚರ್ಯ. ಮೀನು, ಹಂದಿ ಮಾಂಸ, ಮೊಟ್ಟೆ ಎಲ್ಲಾ ತಿನ್ನುವ ಮನೆ ನಮ್ಮದು. ಇಲ್ಲಿ ಬಿ12 ಯಾಕೆ ಕಡಿಮೆ ಆಗಬೇಕು? ಡಾಕ್ಟರ್ ಮಾತ್ರೆ ಪಟ್ಟಿ ಕೇಳಿದರು. ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಹನ್ನೆರಡು. ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆಯೇ, ಬಿಡಬೇಕಿಲ್ಲ. ಆದರೆ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ, ಆಗಾಗ ಅಳೆಯಬೇಕು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅಳೆದಿರಲಿಲ್ಲ.

ನಾನು ಕೊಟ್ಟ ಮಾತ್ರೆ

ಪಟ್ಟಿ ಓದುತ್ತಾ ಡಾಕ್ಟರ್ ಕೊನೆಯ ಸಾಲಿಗೆ ಬಂದರು. "ಇದು ಯಾರು ಬರೆದದ್ದು?"

ಅದು ಫೆನಿರಮಿನ್. ಅಲರ್ಜಿಗೆ ಕೊಡುವ ಹಳೇ ಕಾಲದ ಅಗ್ಗದ ಮಾತ್ರೆ. ಮಳೆಗಾಲದಲ್ಲಿ ದೊಡ್ಡವ್ವನಿಗೆ ಮೈ ತುರಿಕೆ. ಒಬ್ಬ ಡಾಕ್ಟರ್ 2017ರಲ್ಲಿ ಹತ್ತು ದಿನಕ್ಕೆ ಅಂತ ಬರೆದಿದ್ದರು. ತುರಿಕೆಯೂ ಹೋಯಿತು, ನಿದ್ದೆಯೂ ಚೆನ್ನಾಗಿ ಬಂತು. ಅಲ್ಲಿಂದ ಅದೇ ಚೀಟಿ ನೋಡಿಕೊಂಡು ಏಳು ವರ್ಷ ಕೊಟ್ಟವನು ನಾನು. ರಾತ್ರಿ ಒಂದು, ಜಾಸ್ತಿ ತುರಿಸಿದರೆ ಎರಡು.

ನೆನಪಿನ ಕೆಲಸಕ್ಕೆ ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಅಲ್ಝೈಮರ್‌ನಲ್ಲಿ ಅದೇ ಕಡಿಮೆಯಾಗುವುದು. ಫೆನಿರಮಿನ್‌ನಂಥ ಹಳೇ ಅಲರ್ಜಿ ಮಾತ್ರೆಗಳು ಅದರ ದಾರಿಗೇ ಅಡ್ಡ ನಿಲ್ಲುತ್ತವೆ. ಬಾಯಿ ಒಣಗುವುದು, ಮಲ ಕಟ್ಟುವುದು, ಮೂತ್ರ ಪೂರ್ತಿ ಹೋಗದೆ ಉಳಿಯುವುದು ಎಲ್ಲಾ ಅದರದ್ದೇ ಕೆಲಸ. ಉಳಿದ ಮೂತ್ರದಲ್ಲಿ ಸೋಂಕು ಹಿಡಿಯುವುದು ಸುಲಭ. ಹಾಗೆ ನೋಡಿದರೆ ಜುಲೈ ಬೆಳಗಿನ ಆ ಓಡಾಟದಲ್ಲಿ ನನ್ನ ಕೌಂಟರಿನ ಪಾಲೂ ಇತ್ತು. 2015ರಲ್ಲಿ ಅಮೆರಿಕದ ಸಿಯಾಟಲ್ ಕಡೆಯ 3,434 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂದಿತ್ತು. ಈ ಗುಂಪಿನ ಮಾತ್ರೆಗಳನ್ನು ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ತಗೊಂಡವರಲ್ಲಿ ಡಿಮೆನ್ಷಿಯಾ ಹೆಚ್ಚು ಕಂಡಿತ್ತು. ಮಾತ್ರೆಯಿಂದಲೇ ಬಂತು ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೂ ನನ್ನಂಥವನು ಎಚ್ಚರಾಗಲು ಅಷ್ಟು ಸಾಕಿತ್ತು.

ಡಾಕ್ಟರ್ ಬರೆದ ಹೊಸ ಮಾತ್ರೆ ಡೊನೆಪೆಜಿಲ್, 5 ಮಿಲಿಗ್ರಾಂ. ಅದು ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುತ್ತದೆ. ರೋಗ ವಾಸಿ ಮಾಡುವುದಿಲ್ಲ, ಸ್ವಲ್ಪ ದಿನ ಆನಿಕೆ ಕೊಡುತ್ತದೆ ಅಷ್ಟೆ. ನಾಡಿಬಡಿತ ನಿಧಾನ ಆಗಬಹುದು ಅಂತ ಮೊದಲು ಇಸಿಜಿ ಮಾಡಿಸಿದರು. ಇದನ್ನೂ ಫೆನಿರಮಿನ್ನನ್ನೂ ಒಟ್ಟಿಗೆ ಕೊಟ್ಟರೆ ಒಬ್ಬ ಗದ್ದೆಗೆ ನೀರು ಬಿಡುತ್ತಾನೆ, ಇನ್ನೊಬ್ಬ ಬದು ಒಡೆಯುತ್ತಾನೆ. ನನ್ನ ಅಂಗಡಿಯಲ್ಲಿ ಇನ್ನೂ ನಾಲ್ಕು ಮನೆಗೆ ಹೀಗೆ ಎರಡೂ ಹೋಗುತ್ತಿದ್ದವು. ವಾಪಸ್ ಬಂದ ವಾರವೇ ಆ ನಾಲ್ಕೂ ಮನೆಗೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಿ ಅಂದೆ.

ತುರಿಕೆಗೆ ಈಗ ಸ್ನಾನವಾದ ಕೂಡಲೇ ತೆಂಗಿನೆಣ್ಣೆ. ಬಿಸಿ ಬಿಸಿ ನೀರು, ಸೋಪು ತಿಕ್ಕುವುದು ಕಡಿಮೆ. ಮೊದಲ ಹತ್ತು ದಿನ ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿದರು. ಆಮೇಲೆ ಸರಿ ಹೋಯಿತು. ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಿದರು. ಈ ವಯಸ್ಸಿನಲ್ಲಿ, ಈ ಮರೆವಿನಲ್ಲಿ, ಶುಗರ್ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ, ದಿಢೀರ್ ಇಳಿಯಬಾರದು ಅಂದರು. ಮಾತ್ರೆ ಈಗ ಕೆಲಸದ ಹೆಂಗಸಿನ ಕೈಯಲ್ಲಿ, ವಾರದ ಏಳು ಗೂಡಿನ ಡಬ್ಬಿಯಲ್ಲಿ.

ಅಕ್ಕನ ಜೊಲ್ಲು

ನಾನು ಇಷ್ಟೆಲ್ಲಾ ಹೇಳಿದರೂ ಅಕ್ಕನ ತಲೆಯಲ್ಲಿ ಇದ್ದದ್ದು ಜೀನ್ ಒಂದೇ. ಅಕ್ಟೋಬರ್‌ನಲ್ಲಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿ, ಒಂದು ಕೊಳವೆಗೆ ಜೊಲ್ಲು ಉಗಿದು ಕಳಿಸಿದಳು. ಮೈಸೂರಿನ ಡಾಕ್ಟರ್ ಬೇಡ ಅಂದಿದ್ದರು. ಕೇಳಲಿಲ್ಲ.

ಆ ಜೀನಿನ ಹೆಸರು ಎಪಿಒಇ, 19ನೇ ಕ್ರೋಮೋಸೋಮಿನಲ್ಲಿದೆ. ಮಿದುಳಿನಲ್ಲಿ ಕೊಬ್ಬು ಸಾಗಿಸುವ ಒಂದು ಪ್ರೋಟೀನ್ ಮಾಡಿಸುವುದು ಅದರ ಕೆಲಸ. ಮುಖ್ಯವಾಗಿ ಮೂರು ಬಗೆ: ಇ2, ಇ3, ಇ4. ಆ ಪ್ರೋಟೀನಿನಲ್ಲಿ 299 ಅಮೈನೋ ಆಮ್ಲಗಳಿವೆ, ಮೂರು ಬಗೆಗೂ ವ್ಯತ್ಯಾಸ ಎರಡೇ ಜಾಗದಲ್ಲಿ. ಇ4ಗೂ ಅಲ್ಝೈಮರ್‌ಗೂ ನಂಟಿದೆ ಅಂತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1993ರಲ್ಲಿ ತೋರಿಸಿದರು. ಅಪ್ಪನಿಂದ ಒಂದು, ಅವ್ವನಿಂದ ಒಂದು, ಹೀಗೆ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ. ಒಂದು ಇ4 ಇದ್ದರೆ ಅಪಾಯ ಸುಮಾರು ಎರಡು-ಮೂರು ಪಟ್ಟು, ಎರಡೂ ಇ4 ಆದರೆ ಎಂಟು ಪಟ್ಟು, ಅದಕ್ಕೂ ಹೆಚ್ಚು ಅನ್ನುತ್ತಾರೆ. ಇ2 ಇದ್ದವರಿಗೆ ಅಪಾಯ ಕಡಿಮೆ, ಆಯಸ್ಸೂ ಸ್ವಲ್ಪ ಜಾಸ್ತಿ. ಆದರೆ ಈ ಲೆಕ್ಕ ಬಹುಪಾಲು ಯುರೋಪ್ ಮೂಲದ ಜನರದ್ದು. ಹರಿಯಾಣದ ಬಲ್ಲಭಗಢದಲ್ಲಿ ನೋಡಿದಾಗ ಇ4 ಅಮೆರಿಕದ ಜನರಿಗಿಂತ ಅಲ್ಲಿ ಕಡಿಮೆ ಕಂಡಿತ್ತು. ನಮ್ಮ ಕರ್ನಾಟಕದಲ್ಲೇ ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಯವರನ್ನು ವರ್ಷ ವರ್ಷ ಪರೀಕ್ಷೆ ಮಾಡುತ್ತಿದ್ದಾರೆ. ಅಂಥ ಕಡೆಯಿಂದ ಬರುವ ಅಂಕಿ ನಮಗೆ ಹೆಚ್ಚು ಹೊಂದುತ್ತದೆ.

ನವೆಂಬರ್‌ನಲ್ಲಿ ಅಕ್ಕನ ರಿಪೋರ್ಟ್ ಬಂತು: ಇ3, ಇ4. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತಳು. "ಅವ್ವನದ್ದೇ ಬಂತು ನೋಡು."

ಅವ್ವನದ್ದೇ ಅಂತ ಹೇಗೆ ಗೊತ್ತು? ನಾನು ಕೇಳಿದ್ದು ಇಷ್ಟೇ. ದೊಡ್ಡವ್ವನ ಜೀನ್ ಯಾರೂ ನೋಡಿಲ್ಲ. ಆ ಇ4 ದೊಡ್ಡಪ್ಪನಿಂದ ಬಂದಿರಬಹುದಲ್ವಾ? ಇ4 ಬರೀ ಮರೆವಿನ ಜೀನ್ ಅಲ್ಲ. ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ, ಹೃದಯಕ್ಕೂ ತೊಂದರೆ ಕೊಡುತ್ತದೆ. 58ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದವರು ದೊಡ್ಡಪ್ಪ. ಮರೆವು ಬರುವ ವಯಸ್ಸಿನ ತನಕ ಅವರು ಬದುಕಲೇ ಇಲ್ಲ. ಅಲ್ಝೈಮರ್ ಬಂದವರಲ್ಲಿ ಬಹಳ ಜನರಿಗೆ ಇ4 ಇರುವುದೇ ಇಲ್ಲ. ಇ4 ಇದ್ದೂ ತೊಂಬತ್ತಕ್ಕೆ ಚುರುಕಾಗಿರುವವರೂ ಇದ್ದಾರೆ. ಅಜ್ಜಿ, ಅವ್ವ, ಮಗಳು ಅಂತ ನಾವು ಎಳೆದಿದ್ದ ಗೆರೆ ಗಟ್ಟಿ ಗೆರೆಯಲ್ಲ.

ಒಂದು ಜೀನ್ ಕೆಟ್ಟರೆ ಹೆಚ್ಚುಕಡಿಮೆ ಖಂಡಿತ ಬರುವ ಅಲ್ಝೈಮರ್ ಇಲ್ಲವೇ ಇಲ್ಲ ಅಂತಲ್ಲ. ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2 ಅನ್ನುವ ಮೂರು ಜೀನುಗಳಿವೆ. ಅವುಗಳಿಂದ ಬರುವುದು ನಲವತ್ತು-ಐವತ್ತರಲ್ಲೇ, ಅದೂ ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕೊಲಂಬಿಯಾದ ಒಂದು ದೊಡ್ಡ ಕುಟುಂಬದಲ್ಲಿ ಹೀಗಿದೆ. ಅಲ್ಲಿ ಆ ಜೀನ್ ಇದ್ದವರಿಗೆ 44ರ ಹೊತ್ತಿಗೆ ನೆನಪು ಜಾರುತ್ತದೆ. ಅದೇ ಕುಟುಂಬದ ಒಬ್ಬ ಮಹಿಳೆಗೆ ಮಾತ್ರ ಎಪ್ಪತ್ತು ದಾಟುವ ತನಕ ಏನೂ ಆಗಲಿಲ್ಲ. 2019ರಲ್ಲಿ ಕಾರಣ ಪ್ರಕಟವಾಯಿತು: ಅವರಿಗೆ ಎಪಿಒಇಯ ಅಪರೂಪದ ಇನ್ನೊಂದು ಬದಲಾವಣೆ ಎರಡೂ ಕಡೆಯಿಂದ ಬಂದಿತ್ತು. ಒಂದು ಜೀನ್ ಬೀಳಿಸಿದ್ದನ್ನು ಇನ್ನೊಂದು ಹಿಡಿದುಕೊಂಡಿತ್ತು. ಅಜ್ಜಿಗೆ ಮರೆವು ಬಂದದ್ದು ಎಂಬತ್ತಕ್ಕೆ, ದೊಡ್ಡವ್ವನಿಗೆ ಎಪ್ಪತ್ತೇಳಕ್ಕೆ. ನಮ್ಮದು ಆ ಬಗೆಯಲ್ಲ.

ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಪೂರ್ತಿ ಜೀನೋಮ್ ಲೋಕಕ್ಕೆ ಬಿಚ್ಚಿಟ್ಟರು. ಎಪಿಒಇ ಒಂದನ್ನು ಮಾತ್ರ ಮುಚ್ಚಿಡಿ, ನನಗೂ ಹೇಳಬೇಡಿ ಅಂದರು. ಅವರ ಅಜ್ಜಿಗೂ ಅಲ್ಝೈಮರ್ ಇತ್ತು. ಇದನ್ನು ಅಕ್ಕನಿಗೆ ಮೊದಲೇ ಹೇಳಬೇಕಿತ್ತು ನಾನು. ಎರಡು ತಿಂಗಳು ಅವಳು ಸರಿಯಾಗಿ ಮಲಗಲಿಲ್ಲ. ಕೀ ಎಲ್ಲಿಟ್ಟೆ ಅಂತ ಮರೆತರೂ ನನಗೆ ಮೆಸೇಜ್ ಬರುತ್ತಿತ್ತು.

ತೊಂಬತ್ಮೂರರ ಮಾವ

ಇದೇ ಅಜ್ಜಿಯ ಹಿರಿಮಗ, ಅಂದರೆ ನನ್ನ ಸೋದರಮಾವ, ಹುಟ್ಟಿದ್ದು 1931ರಲ್ಲಿ. ಮಿಲಿಟರಿಯಲ್ಲಿದ್ದು ಬಂದವರು. ಅರವತ್ತರ ತನಕ ಬೀಡಿ, ಈಗಲೂ ಸಂಜೆ ಒಂದು ಪೆಗ್ ಬ್ರಾಂಡಿ. ಬೆಳಗ್ಗೆ 'ಶಕ್ತಿ' ಪತ್ರಿಕೆ ಮೊದಲ ಪುಟದಿಂದ ಕೊನೆಯ ಶ್ರದ್ಧಾಂಜಲಿ ತನಕ ಓದುತ್ತಾರೆ. ಇಸ್ಪೀಟಿನಲ್ಲಿ ಯಾರ ಕೈಯಲ್ಲಿ ಗುಲಾಮ ಉಳಿದಿದೆ ಅಂತ ಲೆಕ್ಕ ತಪ್ಪುವುದಿಲ್ಲ. ಊರಲ್ಲಿ ಎಲ್ಲರೂ ತೋರಿಸುವುದು ಇವರನ್ನೇ: ನೋಡಿ, ಕುಡಿದರೂ ಸೇದಿದರೂ 93, ಎಲ್ಲಾ ಹಣೆಬರಹ.

ಅಕ್ಕ ಇವರಿಗೂ ಕಿಟ್ ತಂದಳು. "ನನ್ನ ಜೊಲ್ಲು ಬೆಂಗ್ಳೂರಿಗೆ ಎಂಥಕ್ಕೆ?" ಅಂದು ಕೊಳವೆಯನ್ನು ಅವಳ ಕೈಗೇ ಕೊಟ್ಟರು. ಹಾಗಾಗಿ ಅವರ ಜೀನ್ ಗುಟ್ಟು ಗುಟ್ಟಾಗೇ ಉಳಿಯಿತು.

ಆಯಸ್ಸು ಎಷ್ಟು ರಕ್ತದಲ್ಲಿ ಬರುತ್ತದೆ ಅನ್ನುವುದಕ್ಕೆ ಡೆನ್ಮಾರ್ಕ್‌ನ ಅವಳಿಗಳ ಲೆಕ್ಕ ಬಹಳ ಕಾಲ ಓಡಾಡಿತು: ಸುಮಾರು ಕಾಲು ಭಾಗ. 2018ರಲ್ಲಿ ಕೋಟ್ಯಂತರ ಜನರ ವಂಶವೃಕ್ಷಗಳನ್ನು ಜಾಲಾಡಿದವರು ಅದು ಹತ್ತು ಪರ್ಸೆಂಟಿಗಿಂತ ಕಡಿಮೆ ಇರಬಹುದು ಅಂದರು. ಅವರು ಕಂಡದ್ದು ಚೆನ್ನಾಗಿದೆ. ರಕ್ತಸಂಬಂಧವೇ ಇಲ್ಲದ ಭಾವ-ಮೈದುನರ, ನಾದಿನಿ-ಅತ್ತಿಗೆಯರ ಆಯಸ್ಸೂ ಒಂದಕ್ಕೊಂದು ಹೊಂದುತ್ತಿತ್ತು. ತಮ್ಮಂಥ ಮನೆಯಲ್ಲೇ ಜನ ಹೆಣ್ಣು-ಗಂಡು ನೋಡುತ್ತಾರೆ, ಒಂದೇ ಬಗೆ ಉಣ್ಣುತ್ತಾರೆ, ಒಂದೇ ಬಗೆ ಬದುಕುತ್ತಾರೆ. ಕೊಡಗಿನಲ್ಲಿ ಸಂಬಂಧ ನೋಡಿದ ಯಾರಿಗೂ ಇದಕ್ಕೆ ಪುರಾವೆ ಬೇಕಿಲ್ಲ.

ನಾನು ಮಾವನನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಕಿವಿ ಪರವಾಗಿಲ್ಲ. ಬಿಪಿ ಮಾತ್ರೆ ಮಿಲಿಟರಿ ಶಿಸ್ತಿನಲ್ಲಿ ನುಂಗುತ್ತಾರೆ, ಅವರ ಸ್ಟ್ರಿಪ್ ನನ್ನ ಅಂಗಡಿಗೆ 30 ದಿನಕ್ಕೇ ಬರುತ್ತದೆ. ದಿನಾ ಬಸ್‌ಸ್ಟ್ಯಾಂಡ್ ತನಕ ನಡೆಯುತ್ತಾರೆ, ಅಲ್ಲಿ ಎಂಟು ಜನರ ಜೊತೆ ಜಗಳ ಆಡುತ್ತಾರೆ. ಸೈನ್ಯದಲ್ಲೇ ಓದು ಮುಂದುವರಿಸಿದರು. ಬೀಡಿ, ಬ್ರಾಂಡಿ ಎಲ್ಲರ ಕಣ್ಣಿಗೆ ಬೀಳುತ್ತವೆ, ಇವು ಬೀಳುವುದಿಲ್ಲ. ಇನ್ನು ಬೀಡಿ ಸೇದಿ ಅರವತ್ತೈದಕ್ಕೆ ಹೋದ ಅವರ ಜೊತೆಯವರನ್ನು ತೋರಿಸೋಣ ಅಂದರೆ ಅವರು ಬಸ್‌ಸ್ಟ್ಯಾಂಡಿನಲ್ಲಿ ಇಲ್ಲವಲ್ಲ.

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಬದಲಿಸಬಹುದಾದ ಅಪಾಯಗಳು 14. ಎಲ್ಲವನ್ನೂ ಸರಿಮಾಡಿದರೆ ಲೋಕದ ಡಿಮೆನ್ಷಿಯಾದಲ್ಲಿ ಸುಮಾರು 45 ಪರ್ಸೆಂಟ್ ತಡೆಯಬಹುದು ಅಥವಾ ಮುಂದೂಡಬಹುದು ಅನ್ನುತ್ತಾರೆ. ಇದು ಇಡೀ ಜನಸಮೂಹದ ಲೆಕ್ಕ, ಒಬ್ಬರ ಭವಿಷ್ಯವಲ್ಲ. ಅದರಲ್ಲಿ ಜಾಸ್ತಿ ಪಾಲು ಎರಡಕ್ಕೆ, ತಲಾ ಏಳು ಪರ್ಸೆಂಟ್: ನಡುವಯಸ್ಸಿನ ಕೆಟ್ಟ ಕೊಲೆಸ್ಟರಾಲ್ ಮತ್ತು ಕಿವಿ ಮಂದವಾಗುವುದು. ಕಡಿಮೆ ಓದು ಐದು, ಒಂಟಿತನ ಐದು. ಬಿಪಿ, ಶುಗರ್, ಕಣ್ಣು ಮಂಜಾಗುವುದು ಎರಡೆರಡು. ದೊಡ್ಡವ್ವನಿಗೆ ಕಿವಿ, ಓದು, ಒಂಟಿತನ, ಬಿಪಿ, ಶುಗರ್ ಐದೂ ಇದ್ದವು. ಕಿವಿ ಕೇಳದ ಕಾರಣಕ್ಕೇ ಅವರು ಸ್ತ್ರೀಶಕ್ತಿ ಸಂಘಕ್ಕೆ ಹೋಗುವುದು ಬಿಟ್ಟದ್ದು. ಎಲ್ಲರೂ ನಗುವಾಗ ಯಾಕೆ ಅಂತ ಗೊತ್ತಾಗದೆ ಕೂರುವುದು ಅವಮಾನ ಅನ್ನಿಸಿತಂತೆ. ಮಳೆಗಾಲದ ನಾಲ್ಕು ತಿಂಗಳಂತೂ ಆ ಮನೆಗೆ ಪೋಸ್ಟ್‌ಮ್ಯಾನ್ ಬಿಟ್ಟರೆ ಯಾರೂ ಇಲ್ಲ.

ಅವರ ಪರವಾಗಿ ಇದ್ದದ್ದು ಒಂದು. ಅರೆಭಾಷೆ, ಕೊಡವ ತಕ್ಕ್, ಕನ್ನಡ, ಕೆಲಸದವರ ಜೊತೆ ಮಲಯಾಳ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿದ ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ್ದರು: ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಷಿಯಾ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಅಕ್ಷರ ಬಾರದವರಲ್ಲೂ ಹಾಗೇ ಕಂಡಿತ್ತು. ದೊಡ್ಡವ್ವನಿಗೆ ಮೊದಲು ಹೋದದ್ದು ಮಲಯಾಳ, ಆಮೇಲೆ ಕನ್ನಡ ತಡವರಿಸಿತು. ಈಗ ಡಾಕ್ಟರಿಗೂ ಅರೆಭಾಷೆಯಲ್ಲೇ ಉತ್ತರ: "ನಂಗೆ ಗೊತ್ಲೆ."

ಕಿವಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಆಯಿತು. ಎರಡೂ ಕಡೆ 55 ಡೆಸಿಬಲ್ ಆಸುಪಾಸು, ಅಂದರೆ ಪಕ್ಕದಲ್ಲಿ ಕೂತವರ ಮಾಮೂಲಿ ಮಾತೂ ಸರಿಯಾಗಿ ಕೇಳದು. ಕಿವಿಗೆ ಹಾಕುವ ಯಂತ್ರ ನೆನಪನ್ನು ಉಳಿಸುತ್ತದೆಯೇ? 2023ರಲ್ಲಿ ಬಂದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದವರ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ನೆನಪು ಇಳಿಯುವ ವೇಗ 48 ಪರ್ಸೆಂಟ್ ಕಡಿಮೆ ಆಯಿತು. ದೊಡ್ಡವ್ವನಿಗೆ ಡಿಮೆನ್ಷಿಯಾ ಆಗಲೇ ಬಂದಿದೆ, ಅವರಿಗೆ ಅದು ಅನ್ವಯಿಸುವುದಿಲ್ಲ. ನಾವು ಹಾಕಿಸಿದ್ದು ಮಾತು ಕೇಳಲಿ ಅಂತ.

ಕೊಡಗಿನ ಮಳೆಗೆ ಆ ಯಂತ್ರ ತಡೆಯುವುದಿಲ್ಲ. ಮೊದಲ ತಿಂಗಳೇ ತೇವ ಹೊಕ್ಕು ಗೊರಗೊರ ಅಂತು. ಮಾತ್ರೆ ಡಬ್ಬಿಗಳ ಒಳಗೆ ಒಂದು ಪುಟ್ಟ ಬಿಳಿ ಚೀಲ ಇರುತ್ತದಲ್ಲ, ಸಿಲಿಕಾ ಜೆಲ್, ಅವನ್ನು ಒಟ್ಟು ಮಾಡಿ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ ಕೊಟ್ಟೆ. ರಾತ್ರಿ ಯಂತ್ರ ಬಿಚ್ಚಿ ಬ್ಯಾಟರಿ ತೆಗೆದು ಅದರೊಳಗೆ. ಮೊದಮೊದಲು ಇದು ಏನೋ ಬೀಜ ಅಂತ ದೊಡ್ಡವ್ವ ತುಳಸಿ ಕಟ್ಟೆಯಲ್ಲಿ ಹೂತಿದ್ದರು. ಅಗೆದು ತೆಗೆದೆವು. ಒಂದು ಕೆಟ್ಟಿತು, ಒಂದು ಉಳಿಯಿತು. ಈಗ ಬಲಗಿವಿಗೆ ಮಾತ್ರ.

2025ರ ಫೆಬ್ರವರಿಯ ಪರೀಕ್ಷೆಯಲ್ಲಿ ಅಂಕ 22. ಬಿ12 ಇಂಜೆಕ್ಷನ್, ಫೆನಿರಮಿನ್ ನಿಲ್ಲಿಸಿದ್ದು, ಶುಗರ್ ಇಳಿಯದಂತೆ ನೋಡಿದ್ದು, ಡೊನೆಪೆಜಿಲ್, ಕಿವಿ, ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು ಅಂದರು ಡಾಕ್ಟರ್. ಡಿಸೆಂಬರ್‌ನಲ್ಲಿ ಮತ್ತೆ ನೋಡಿದಾಗ 20. ಇಳಿತ ನಿಂತಿಲ್ಲ. ಲೆಕ್ಕದ ಪುಸ್ತಕ ಮತ್ತೆ ಅವರ ಕೈಗೆ ಹೋಗಲಿಲ್ಲ, ತೂಕವನ್ನು ಅಕ್ಕ ಫೋನಿನಲ್ಲೇ ಬರೆದುಕೊಳ್ಳುತ್ತಾಳೆ. ಆದರೆ ಸಂಘದ ಹೆಂಗಸರು ಈಗ ತಿಂಗಳಿಗೊಮ್ಮೆ ಅವರ ಜಗಲಿಯಲ್ಲೇ ಸೇರುತ್ತಾರೆ. ಅಕ್ಕ ಜೀನ್ ರಿಪೋರ್ಟನ್ನು ಎಲ್ಲಿಟ್ಟಿದ್ದಾಳೋ. ಅವಳದೇ ಕೆಟ್ಟ ಕೊಲೆಸ್ಟರಾಲ್ 171 ಇತ್ತು. ಅದಕ್ಕೆ ಮಾತ್ರೆ ಶುರು ಮಾಡಿದ್ದಾಳೆ, ಕಿವಿಯನ್ನೂ ಪರೀಕ್ಷೆ ಮಾಡಿಸಿಕೊಂಡಳು. ಅದು ಸರಿ ಇದೆ.

ಹಿಂಬಾಗಿಲಿಗೆ ನಾವೊಂದು ಹಸುವಿನ ಗಂಟೆ ಕಟ್ಟಿದ್ದೇವೆ. ದೊಡ್ಡವ್ವ ರಾತ್ರಿ ಬಾಗಿಲು ತೆಗೆದರೆ ಕೆಲಸದ ಹೆಂಗಸಿಗೆ ಎಚ್ಚರ ಆಗಲಿ ಅಂತ. ಕಿವಿ ಕೇಳದಾಗ ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ಈಗ ಹಗಲು ಯಂತ್ರ ಹಾಕಿಕೊಂಡಿರುವಾಗ ಬಾಗಿಲು ತಳ್ಳಿದ ಕೂಡಲೇ ಗಂಟೆ ಅವರಿಗೇ ಕೇಳಿಸುತ್ತದೆ. ಅಲ್ಲೇ ನಿಂತು "ಯಾರ್ ಬಂದದ್?" ಅನ್ನುತ್ತಾರೆ. ಹೊರಗೆ ಹೋಗಬೇಕಿತ್ತು ಅನ್ನುವುದು ಮರೆತು ಒಳಗೆ ಬಂದು, ನೆಂಟರಿಗೆ ಅಂತ ಬೆಲ್ಲದ ಕಾಫಿಗೆ ನೀರಿಡುತ್ತಾರೆ.